ಮಾಸ್ತರರ ಗಂಗಾಳ ಮತ್ತು ಸೂಜಿಬಾಲದ ಬಾತು

ಆ ಬಾತು ನಿದ್ದೆ ಮಾಡುತ್ತಿದೆ ಎಂದೇ ನಾವಿಬ್ಬರೂ ಅಂದುಕೊಂಡಿದ್ದೆವು. ಶಿವರಾತ್ರಿ ಮುಗಿದ ಮೇಲಿನ ಭಾನುವಾರ, ಕಮಲಾಪುರದ ಹೊರಗಿನ ಕೆರೆ. ಬಿಸಿಲು ಬೆಳಿಗ್ಗೆಯೇ ಬೆನ್ನು ಸುಡುತ್ತಿತ್ತು. ನೀರು ಹಿಂದೆ ಸರಿದು ಬಿಟ್ಟುಹೋದ ಕೆಸರು ದಂಡೆಯ ಮೇಲೆ ಗಂಡು ಸೂಜಿಬಾಲದ ಬಾತೊಂದು ಕುಳಿತಿತ್ತು. ಕಂದು ತಲೆ, ಕೊರಳ ಪಕ್ಕದಲ್ಲಿ ಬಿಳಿ ಗೀರು, ಹಿಂದೆ ಉದ್ದನೆಯ ಚೂಪು ಬಾಲ. ಎಲ್ಲವೂ ಸರಿಯಾಗಿತ್ತು, ತಲೆ ಮಾತ್ರ ಮುಂದಕ್ಕೆ ಜೋತುಬಿದ್ದು ಕೊಕ್ಕು ಕೆಸರಿಗೆ ತಾಗಿತ್ತು. ನಿದ್ದೆ ಮಾಡುವ ಬಾತು ತಲೆಯನ್ನು ಬೆನ್ನಿಗೆ ಹಚ್ಚಿ ಮಲಗುತ್ತದೆ, ಕೆಸರಿನಲ್ಲಿ ಇಡುವುದಿಲ್ಲ. ಇಷ್ಟು ಹೊಳೆಯಲು ನನಗೆ ತುಸು ಹೊತ್ತು ಹಿಡಿಯಿತು.

ನಾವಿಬ್ಬರು ಅಂದರೆ ನಾನು ಮತ್ತು ಮಾಸ್ತರು. ನಾನು ಕಮಲಾಪುರದ ದನದ ದವಾಖಾನೆಯ ಡಾಕ್ಟರು. ಮನೆ ಕಲಬುರಗಿಯ ರೋಜಾ ಬಡಾವಣೆಯಲ್ಲಿ, ಅಮ್ಮಿಯ ಜೊತೆ. ದಿನವೂ ಬಸ್ಸಿನಲ್ಲಿ ಓಡಾಟ. ಮಾಸ್ತರು ಅದೇ ಊರಿನ ಬ್ರಹ್ಮಪುರದವರು, ಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು. ಮೊದಲು ಅವರು ಕುಸನೂರ ಕಡೆಯ ಒಂದು ಹೊಂಡಕ್ಕೆ ಹೋಗುತ್ತಿದ್ದರಂತೆ. ಅದರ ಮೇಲೆ ಮನೆಗಳು ಎದ್ದ ಮೇಲೆ ಈ ಕೆರೆಯನ್ನು ಹಿಡಿದಿದ್ದರು. ಇದು ಹೋದರೆ ಮುಂದಿನದಕ್ಕೆ ಬಸ್ಸು ಹತ್ತುವ ಶಕ್ತಿ ತಮಗಿಲ್ಲ ಎಂದು ಆಗಾಗ ಹೇಳುತ್ತಿದ್ದರು.

ನನಗೆ ಹಕ್ಕಿ ನೋಡುವುದನ್ನು ಕಲಿಸಿದವರು ಅವರೇ, ಮತ್ತು ಬೈದು ಕಲಿಸಿದರು. ದಂಡೆಯ ಮೇಲೆ ಮಾತಿಲ್ಲ, ಮೊಬೈಲಿಲ್ಲ, ಕೆಮ್ಮು ಬಂದರೆ ಕೆರೆ ಏರಿಯ ಆಚೆ ಹೋಗಿ ಕೆಮ್ಮಬೇಕು. ಒಮ್ಮೆ ನಾನು ಹಳದಿ ಓಢಣಿ ಹಾಕಿಕೊಂಡು ಬಂದೆನೆಂದು ಗೋಣಿಚೀಲ ಹೊದಿಸಿ ಕೂರಿಸಿದ್ದರು. ದನದ ಡಾಕ್ಟರಿಗೆ ಗೋಣಿಚೀಲದ ವಾಸನೆ ಹೊಸದೇನಲ್ಲ, ಕೂತೆ. ಸೂಜಿಬಾಲದ ಬಾತುಗಳೆಂದರೆ ಅವರಿಗೆ ಬೀಗರು. ದೀಪಾವಳಿ ಆದಮೇಲೆ ಉತ್ತರದಿಂದ ಹಿಂಡು ಇಳಿಯಿತೆಂದರೆ, "ಬೀಗರು ಬಂದಾರ, ಸುಮ್ಮನ ಕೂಡ್ರಿ" ಅನ್ನುತ್ತಿದ್ದರು. ಬೇಸಿಗೆಗೆ ಮುಂಚೆ ಅವು ಹೊರಡುವಾಗಲೂ ಬೀಗರನ್ನು ಕಳಿಸುವವರ ಮುಖ ಮಾಡಿಕೊಂಡೇ ನಿಲ್ಲುತ್ತಿದ್ದರು.

ಆ ಬಾತಿನ ಹತ್ತಿರ ಹೋದರೆ ಹಾರಲಿಲ್ಲ. ರೆಕ್ಕೆ ಬಡಿದು ಕೆಸರಿನಲ್ಲಿ ಒಂದಿಷ್ಟು ದೂರ ಈಜಿದಂತೆ ತೆವಳಿತು. ಕಾಲು ಎಳೆಯುತ್ತಿತ್ತು. ಕಣ್ಣಿನ ಒಳಪೊರೆ ಅರ್ಧ ಮುಚ್ಚಿತ್ತು. ಆಪು ಹುಲ್ಲಿನ ಪೊದೆಯ ಹಿಂದೆ ನೋಡಿದರೆ ಸತ್ತವೂ ಇದ್ದವು. ಬಾತುಗಳು, ಮೆಟ್ಟುಗಾಲು ಹಕ್ಕಿಗಳು, ಗದ್ದೆಗೊರವಗಳು. ಅವುಗಳ ನಡುವೆ ಹೊಟ್ಟೆ ಉಬ್ಬಿದ ಮೀನುಗಳು.

ಕೆರೆಯ ಮೀನು ಗುತ್ತಿಗೆ ಹಿಡಿದವನು ಲಾರಿ ಟ್ಯೂಬಿನ ಮೇಲೆ ಕೂತು ಬಲೆ ಬಿಚ್ಚುತ್ತಿದ್ದ. ಕೂಗಿ ಕೇಳಿದೆ.

"ಮೊದಲು ಮೀನ ಸತ್ವುರಿ ಬಾಯಾರ," ಅಂದ. "ನೀರ ಕಾದು ಹಬಿ ಬರ್ಲಾಕತ್ತಿತ್ತು. ಎಷ್ಟಂತ ತಗೀಲಿ? ದಂಡಿ ಮ್ಯಾಲೆ ಒಗದೆ. ಆಮ್ಯಾಲೆ ಹಕ್ಕಿ ಬೀಳ್ಲಾಕತ್ವು."

ನನ್ನ ಕೆಲಸ ಅಲ್ಲಿಂದ ಶುರುವಾಯಿತು. ಹಕ್ಕಿಗಳು ಗುಂಪಾಗಿ ಸತ್ತರೆ ನಮ್ಮ ಇಲಾಖೆಯಲ್ಲಿ ಮೊದಲು ಒಂದೇ ಅನುಮಾನ, ಹಕ್ಕಿಜ್ವರ. ಮೇಲಧಿಕಾರಿಗೆ ಫೋನು ಮಾಡಿದೆ. ಅವರು ಒಳ್ಳೆಯ ಮನುಷ್ಯ, ಆದರೆ ಆ ಪದ ಕೇಳಿದರೆ ಬೆವರುತ್ತಾರೆ. "ಡಾಕ್ಟರ್, ಆ ಮಾತು ಬಾಯಾಗ ತರಬ್ಯಾಡ್ರಿ. ನಾಳೆ ಕೋಳಿ ಅಂಗಡಿ ಎಲ್ಲಾ ಬಂದ್ ಆಗ್ತಾವ. ಸ್ಯಾಂಪಲ್ ಕಳಸ್ರಿ, ಸುಮ್ಮನಿರ್ರಿ" ಅಂದರು. ಮೈಗೆಲ್ಲ ಪ್ಲಾಸ್ಟಿಕ್ ಅಂಗಿ, ಮುಖಕ್ಕೆ ಮಾಸ್ಕು, ಎರಡು ಜೊತೆ ಕೈಗವಸು ಹಾಕಿಕೊಂಡು ಆ ಬಿಸಿಲಿನಲ್ಲಿ ಗಂಟಲಿನಿಂದ, ಗುದದಿಂದ ಹತ್ತಿಯ ಕಡ್ಡಿಯಲ್ಲಿ ಮಾದರಿ ತೆಗೆದೆ. ಹೊಸದಾಗಿ ಸತ್ತ ಕೆಲವನ್ನು ಎರಡೆರಡು ಚೀಲದಲ್ಲಿ ಕಟ್ಟಿ, ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಕಬ್ಬಿನ ಹಾಲಿನ ಅಂಗಡಿಯಿಂದ ತಂದ ಐಸು ತುಂಬಿ ಬೆಂಗಳೂರಿಗೆ ಕಳಿಸಿದೆವು. ರೈಲು ತಡವಾಯಿತು. ಪೆಟ್ಟಿಗೆ ಲ್ಯಾಬು ಮುಟ್ಟುವ ಹೊತ್ತಿಗೆ ಐಸು ನೀರಾಗಿತ್ತು. ಮಾದರಿ ಪರೀಕ್ಷೆಗೆ ಯೋಗ್ಯವಲ್ಲ ಎಂದು ಹೇಳಿ ಕಳಿಸಿದರು. ಮತ್ತೆ ಅಂಗಿ, ಮತ್ತೆ ಮಾಸ್ಕು, ಮತ್ತೆ ಐಸು.

ಉತ್ತರ ಬರುವವರೆಗೆ ಹಕ್ಕಿಗಳನ್ನು ಮುಟ್ಟಬಾರದು, ಯಾರನ್ನೂ ದಂಡೆಗೆ ಬಿಡಬಾರದು. ನಾನು ಏರಿಯ ಮೇಲೆ ನಿಂತು ದುರ್ಬೀನಿನಲ್ಲಿ ನೋಡುತ್ತಿದ್ದೆ. ನಿನ್ನೆ ತಲೆ ಎತ್ತಿ ನಡೆಯುತ್ತಿದ್ದದ್ದು ಇವತ್ತು ತೆವಳುತ್ತಿತ್ತು. ಅಷ್ಟು ಸಿಟ್ಟು ನನಗೆ ಜೀವನದಲ್ಲಿ ಬಂದದ್ದು ಕಡಿಮೆ. ಸಿಟ್ಟು ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ, ಬಹುಶಃ ಐಸಿನ ಮೇಲೆ.

ಕೊನೆಗೆ ವರದಿ ಬಂತು. ಹಕ್ಕಿಜ್ವರ ಅಲ್ಲ. ಮೇಲಧಿಕಾರಿ ಫೋನಿನಲ್ಲೇ ನಕ್ಕರು, ಕೋಳಿ ಅಂಗಡಿಯವರು ನಕ್ಕರು, ನಮ್ಮ ದವಾಖಾನೆಯ ಎದುರು ಕೆಂಪು ಬಾಳೆಹಣ್ಣು ಮಾರುವವಳೂ "ಪಾರಾದ್ವಿರಿ ಬಾಯಾರ" ಎಂದು ಒಂದು ಹಣ್ಣು ಕೊಟ್ಟಳು. ಎಲ್ಲರ ಪಾಲಿಗೆ ವಿಷಯ ಮುಗಿಯಿತು. ಹಕ್ಕಿಗಳ ಪಾಲಿಗೆ ಮುಗಿದಿರಲಿಲ್ಲ.

ನಾನೇ ಒಂದಿಷ್ಟನ್ನು ಕೊಯ್ದು ನೋಡಿದೆ. ಯಕೃತ್ತು ಸರಿ, ಶ್ವಾಸಕೋಶ ಸರಿ, ಕರುಳು ಸರಿ. ಎಲ್ಲೂ ಏನೂ ಇಲ್ಲ. ಏನೂ ಇಲ್ಲದ್ದೇ ಗುರುತು ಎಂದು ಹೊಳೆದದ್ದು ಒಂದು ಎಮ್ಮೆಯ ನೆನಪಿನಿಂದ. ಹೊಲದಲ್ಲಿ ಬಿದ್ದ ಸತ್ತ ದನದ ಎಲುಬು ಕಡಿದ ಎಮ್ಮೆಯೊಂದು ಹೀಗೆಯೇ ಕೊರಳು ನಿಲ್ಲಿಸಲಾಗದೆ ಸತ್ತಿತ್ತು, ಕೊಯ್ದರೆ ಒಳಗೆಲ್ಲ ಚೊಕ್ಕ. ಕೊಳೆಯುವ ಹೆಣದಲ್ಲಿ ಹುಟ್ಟುವ ವಿಷ ಅದು, ನರಗಳನ್ನು ಕಟ್ಟಿಹಾಕುತ್ತದೆ. ಇಲ್ಲಿ ಸತ್ತ ಮೀನಿನಲ್ಲಿ ಹುಳ ಬಿದ್ದಿದ್ದವು. ಹುಳಕ್ಕೆ ವಿಷದಿಂದ ಏನೂ ಆಗುವುದಿಲ್ಲ. ಹುಳ ತಿಂದ ಬಾತು ಬೀಳುತ್ತದೆ, ಅದರಲ್ಲಿ ಮತ್ತೆ ಹುಳ, ಅದನ್ನು ತಿನ್ನಲು ಇನ್ನೊಂದು. ಉತ್ತರಕ್ಕೆ ಹೊರಡುವ ಮುಂಚೆ ಅವು ಹೊಟ್ಟೆ ಬಿರಿಯುವಂತೆ ತಿನ್ನುವ ಕಾಲ. ಸುತ್ತಲಿನ ಸಣ್ಣ ಕೆರೆಗಳೆಲ್ಲ ಒಣಗಿ, ಇದ್ದಬದ್ದ ಹಿಂಡೆಲ್ಲ ಇಲ್ಲಿಗೇ ಸೇರುತ್ತಿತ್ತು. ವಿಷವನ್ನು ಖಚಿತ ಮಾಡುವ ಪರೀಕ್ಷೆ ನಮ್ಮ ಕಡೆ ಆಗುವುದಿಲ್ಲ, ಪ್ರತಿವಿಷ ಸಿಗುವುದಿಲ್ಲ. ಮೇಲಿನಿಂದ ನೀರು ಬಿಡಿಸೋಣವೆಂದರೆ ಮೇಲೆ ನೀರೇ ಇಲ್ಲ.

ಇದನ್ನೆಲ್ಲ ಮಾಸ್ತರಿಗೆ ಹೇಳೋಣವೆಂದು ಒಂದು ಬೆಳಿಗ್ಗೆ ಕೆರೆಗೆ ಹೋದರೆ ಅವರು ಆಗಲೇ ಅಲ್ಲಿದ್ದರು. ಧೋತರ ಎತ್ತಿಕಟ್ಟಿ ಮೊಣಕಾಲು ನೀರಿನಲ್ಲಿ ನಿಂತಿದ್ದರು, ಎರಡೂ ಕೈಯಲ್ಲಿ ಒಂದು ಹೆಣ್ಣು ಬಾತು. ಮೆಲ್ಲಗೆ ಅದನ್ನು ನೀರಿನ ಮೇಲೆ ಬಿಟ್ಟು, ಬೆನ್ನು ಸವರಿ, ತಿರುಗಿ ದಂಡೆಗೆ ಬಂದು ಇನ್ನೊಂದನ್ನು ಎತ್ತಿಕೊಂಡರು.

"ಏನ್ ಮಾಡ್ಲಾಕತ್ತೀರಿ?" ನಾನು ಕಿರುಚಿದೆ. ದಂಡೆಯ ಮೇಲೆ ಕಿರುಚಿದ್ದು ಅದೇ ಮೊದಲು.

"ಮೆತ್ತಗ ಮಾತಾಡ್ರಿ," ಅಂದರು. "ನಿಮ್ಮ ವರದಿ ಬಂತಲ್ಲ, ಇನ್ನ ಮುಟ್ಟಬಹುದಲ್ಲ. ನೀರಾಗಿನ ಜೀವ ಇವು. ನಿತ್ರಾಣಾಗಿ ದಂಡಿಗಿ ಬಿದ್ದಾವ. ನೀರಿಗಿ ಬಿಟ್ರ ಉಳೀತಾವ. ನಿನ್ನಿಯಿಂದ ಎಷ್ಟ ಬಿಟ್ಟೀನಿ ಗೊತ್ತೇನು? ಒಂದೂ ತಿರುಗಿ ದಂಡಿಗಿ ಬಂದಿಲ್ಲ."

ಬಂದಿಲ್ಲ, ಯಾಕೆಂದರೆ ಮುಳುಗಿ ಸತ್ತು ಆಪಿನ ಸಂದಿಗೆ ತೇಲಿಹೋಗಿದ್ದವು. ಕೊರಳು ನಿಲ್ಲದ ಬಾತು ನೀರಿನಲ್ಲಿ ತಲೆ ಎತ್ತಲಾರದೆ ಉಸಿರುಕಟ್ಟಿ ಸಾಯುತ್ತದೆ. ಮುಳುಗಬಾರದೆಂದೇ ಅವು ಇದ್ದ ಶಕ್ತಿಯೆಲ್ಲ ಹಾಕಿ ದಂಡೆಗೆ ತೆವಳಿ ಬರುತ್ತಿದ್ದವು. ನಾನು ಹಾಗೆಯೇ ಹೇಳಿಬಿಟ್ಟೆ. ಇನ್ನಷ್ಟು ಮೆತ್ತಗೆ ಹೇಳಬಹುದಿತ್ತು, ನನ್ನ ನಾಲಿಗೆ ಅಂಥದಲ್ಲ. ಈಗಷ್ಟೇ ಬಿಟ್ಟ ಹೆಣ್ಣು ಬಾತಿನ ಕಡೆ ಬೆರಳು ತೋರಿಸಿದೆ. ಅದು ಬೆನ್ನು ಮಾತ್ರ ಮೇಲೆ ಮಾಡಿ ತೇಲುತ್ತಿತ್ತು. ಮಾಸ್ತರು ನೀರಿಗೆ ನುಗ್ಗಿ ಅದನ್ನು ಎತ್ತಿಕೊಂಡು ಬಂದರು, ತಲೆ ಕೆಳಗೆ ಮಾಡಿ ಅಲ್ಲಾಡಿಸಿದರು. ಆಮೇಲೆ ಮಡಿಲಲ್ಲಿ ಇಟ್ಟುಕೊಂಡು ಒದ್ದೆ ಕೆಸರಿನಲ್ಲೇ ಕೂತುಬಿಟ್ಟರು.

ಮುಂದಿನ ದಿನಗಳು ಹೆಣ ಎತ್ತುವುದರಲ್ಲಿ ಹೋದವು. ಗುತ್ತಿಗೆದಾರ ಟ್ಯೂಬಿನ ಮೇಲೆ ಹೋಗಿ ಆಪಿನ ಸಂದಿಯಿಂದ ಹಕ್ಕಿ, ಮೀನು ಎರಡನ್ನೂ ಬುಟ್ಟಿಗೆ ತುಂಬಿ ತರುತ್ತಿದ್ದ. ನಾವು ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚುತ್ತಿದ್ದೆವು. ಮೊದಲ ಗುಂಡಿ ಆಳ ಸಾಲದೆ ನಾಯಿಗಳು ಕೆದರಿ ಹರಡಿದವು, ಎಲ್ಲವನ್ನೂ ಮತ್ತೆ ಆರಿಸಿದೆವು. ಬಸ್ಸಿನಲ್ಲಿ ನನ್ನ ಪಕ್ಕ ಯಾರೂ ಕೂರುತ್ತಿರಲಿಲ್ಲ. ಮನೆಯ ಬಾಗಿಲಲ್ಲೇ ಅಮ್ಮಿ ತಡೆಯುತ್ತಿದ್ದಳು. "ಅಂದರ್ ನಕ್ಕೋ ಆ, ಪೈಲೇ ನ್ಹಾ ಲೇ." ಒಳಗೆ ಬರಬೇಡ, ಮೊದಲು ಸ್ನಾನ. ಎಷ್ಟು ತಿಕ್ಕಿದರೂ ಅನ್ನಕ್ಕೆ ಕೈ ಹಾಕಿದಾಗ ಆ ವಾಸನೆ ಬರುತ್ತಿತ್ತು.

ಇನ್ನೂ ಉಸಿರಿದ್ದವನ್ನು ದವಾಖಾನೆಗೆ ತಂದೆವು. ದನ ನಿಲ್ಲಿಸುವ ಶೆಡ್ಡಿನ ನೆರಳಿನಲ್ಲಿ ಒಣ ಬಾಳೆಲೆ ಹಾಸಿ ಸಾಲಾಗಿ ಮಲಗಿಸಿದೆವು. ತಲೆ ಜೋಲದಂತೆ ಏನಾದರೂ ಆಸರೆ ಬೇಕಿತ್ತು. ಗುತ್ತಿಗೆದಾರನ ಹೆಂಡತಿ ಹಳೇ ಸೀರೆ ಹರಿದು, ಕೊಡ ಹೊರುವಾಗ ತಲೆಗೆ ಇಟ್ಟುಕೊಳ್ಳುವ ಸಿಂಬಿಯ ಹಾಗೆ ಸಣ್ಣ ಸಣ್ಣ ಸಿಂಬಿ ಸುತ್ತಿಕೊಟ್ಟಳು. ಒಂದೊಂದು ಬಾತಿನ ಗದ್ದಕ್ಕೆ ಒಂದೊಂದು ಸಿಂಬಿ. ಕೂಸುಗಳಿಗೆ ಹಾಲು ಹಾಕುವ ತೆಳು ನಳಿಗೆ ತಂದು ಗಂಟಲಿಗೆ ಇಳಿಸಿ ಸ್ವಚ್ಛ ನೀರು ಹಾಕುತ್ತಿದ್ದೆ. ಮಾಸ್ತರು ಕೊಕ್ಕು ಹಿಡಿಯುತ್ತಿದ್ದರು. ಚಿತ್ರ ಬರೆಯುವ ಕೈ, ಅಲುಗುತ್ತಿರಲಿಲ್ಲ. ನನ್ನ ಜೊತೆ ಮಾತು ಮಾತ್ರ ಬಿಟ್ಟಿದ್ದರು. ಬೆಳಿಗ್ಗೆ ಬಂದು ನೋಡಿದರೆ ಹೆಚ್ಚಿನ ಸಿಂಬಿಗಳ ಮೇಲೆ ಸತ್ತ ತಲೆಗಳು.

ಆದರೂ ಕೆಲವು ಬದುಕಿದವು. ಕೊರಳು ನಿಂತಿತು, ಕಣ್ಣು ತೆರೆಯಿತು, ನನ್ನ ಬೆರಳು ಕಚ್ಚುವಷ್ಟು ಸೊಕ್ಕು ಬಂತು. ಅವುಗಳ ಕಾಲಿಗೆ ಹಸಿರು ದಾರದ ತುಂಡು ಕಟ್ಟಿ, ಬುಟ್ಟಿಯಲ್ಲಿ ಕಲಬುರಗಿಗೆ ಒಯ್ದು, ಊರೊಳಗಿನ ಕೆರೆಯಲ್ಲಿ ಬಿಟ್ಟೆವು. ಹಾರಿ ನೀರಿಗಿಳಿದು ಬಾಲ ಅಲ್ಲಾಡಿಸಿದವು. ಮಾಸ್ತರು ಅಂದು ನನಗೆ ಚಹಾ ಕುಡಿಸಿದರು. "ಒಂದಿಷ್ಟರೆ ಉಳದ್ವಲ್ಲ, ಡಾಕ್ಟರಬಾಯಿ," ಅಂದರು. ನಾನೂ ನಂಬಿದೆ.

ವಾರದೊಳಗೆ ಗುತ್ತಿಗೆದಾರ ಕಮಲಾಪುರದ ದಂಡೆಗೆ ತಂದ ಬುಟ್ಟಿಯಲ್ಲಿ ಹಸಿರು ದಾರ ಕಂಡಿತು. ನಾವು ಬಿಟ್ಟವು ತಮ್ಮ ಹಿಂಡು ಹುಡುಕಿಕೊಂಡು ಇದೇ ದಂಡೆಗೆ ಹಾರಿಬಂದು, ಇದೇ ಹುಳ ತಿಂದು, ಸತ್ತಿದ್ದವು. ಆ ದಾರವನ್ನು ಬಿಚ್ಚುವಾಗ ನನಗೆ ಅಳು ಬಂತು. ಮಾಸ್ತರ ಎದುರೇ ಅತ್ತೆ. ಅದೇ ಹೊತ್ತಿಗೆ ತಲೆಯ ಮೇಲೆ ಶಿಳ್ಳೆಯಂಥ ಕೂಗು ಕೇಳಿಸಿತು. ಎಲ್ಲೋ ನೀರು ಬತ್ತಿದ ಕಡೆಯಿಂದ ಇನ್ನೊಂದು ದೊಡ್ಡ ಹಿಂಡು ಬಂದು ಕೆರೆಯ ಮೇಲೆ ಸುತ್ತುಹಾಕಿ ಇಳಿಯಿತು. ಚಂದವಾಗಿ ಇಳಿಯಿತು, ಯಾವಾಗಲೂ ಇಳಿಯುವ ಹಾಗೆ.

"ಇವನ್ನ ಓಡಸ್ಬೇಕು," ಅಂದೆ.

"ಏನಂದ್ರಿ?"

"ದಂಡಿ ಪೂರಾ ಸ್ವಚ್ಛ ಆಗೂತನ ಇಲ್ಲಿ ಒಂದ ಹಕ್ಕಿನೂ ಕೂಡಬಾರ್ದು. ಸದ್ದು ಮಾಡಿ ಓಡಸ್ಬೇಕು. ಬ್ಯಾರೆ ಹಾದಿ ಇಲ್ರಿ."

"ಎಲ್ಲಿಗಿ ಓಡಸ್ತೀರಿ? ಊರ ಕೆರ್ಯಾಗ ನಿಲ್ಲಂಗಿಲ್ಲ ಅಂತ ನೋಡಿದ್ವಿ. ಸುತ್ತ ಮತ್ತೆಲ್ಲಿ ಅದ ನೀರು? ಉಪಾಸ ಹಿಮಾಲಯ ದಾಟಂತೀರೇನು?"

ದೂರದ ಯಾವುದಾದರೂ ಆಣೆಕಟ್ಟಿನ ನೀರು ಸಿಕ್ಕೀತು ಅಂದೆ. ಸಿಗದಿದ್ದರೆ ಹಾದಿಯಲ್ಲಿ ಸಾಯುತ್ತವೆ. ಇಲ್ಲಿದ್ದರೆ ಇಲ್ಲಿ ಸಾಯುತ್ತವೆ, ಸತ್ತು ಮುಂದಿನವಕ್ಕೂ ವಿಷ ಆಗುತ್ತವೆ.

"ಬೀಗರನ್ನ ಕಲ್ಲು ಹೊಡದು ಕಳಸೋದು ನನ್ನ ಕೈಲಿ ಆಗಂಗಿಲ್ಲ," ಎಂದು ಮಾಸ್ತರು ಎದ್ದು ಹೋದರು.

ಅರಣ್ಯ ಇಲಾಖೆಯವರು ಬಂದು ನೋಡಿ ಒಪ್ಪಿದರು. ಪಟಾಕಿ ಬೇಡವೆಂದರು, ಸುತ್ತ ಒಣ ಜೋಳದ ದಂಟಿನ, ಕಣಿಕೆಯ ಬಣವೆಗಳಿದ್ದವು. ಗುತ್ತಿಗೆದಾರನ ಹೆಂಡತಿ ನಾಲ್ಕಾರು ಹೆಂಗಸರನ್ನು ಕರೆತಂದಳು. ಎಲ್ಲರೂ ಸುಗ್ಗಿಯಲ್ಲಿ ಜೋಳದ ಹೊಲದ ಅಟ್ಟದ ಮೇಲೆ ನಿಂತು ಗುಬ್ಬಿ, ಗಿಳಿ ಓಡಿಸಿದವರು. ಕವಣೆಯಲ್ಲಿ ಕಲ್ಲಿಗೆ ಬದಲು ಮಣ್ಣಿನ ಹೆಂಟೆ ಇಡಲು ಹೇಳಿದೆ, ಹಕ್ಕಿಗೆ ತಾಗದಂತೆ ನೀರಿಗೆ ಬೀಸಬೇಕು. ತಗಡಿನ ಡಬ್ಬಿಗಳು, ಬಡಿಗೆಗಳು. ಬೆಳಿಗ್ಗೆ ಅವು ತಿನ್ನಲು ದಂಡೆಗೆ ಬರುವ ಹೊತ್ತಿಗೆ, ಸಂಜೆ ಇಳಿಯುವ ಹೊತ್ತಿಗೆ ಸದ್ದು ಮಾಡಬೇಕು. ಮೊದಲ ದಿನ ನಾವು ಈಚೆ ದಂಡೆಯಲ್ಲಿ ಕೂಗಿದರೆ ಅವು ಎದ್ದು ಆಚೆ ದಂಡೆಗೆ ಹೋಗಿ ಕೂತವು. ಅಲ್ಲಿ ಇನ್ನೂ ಎತ್ತದ ಹೆಣಗಳಿದ್ದವು, ಅಂದರೆ ನಾವೇ ಅವನ್ನು ವಿಷದ ಬಾಯಿಗೆ ಅಟ್ಟಿದ ಹಾಗಾಯಿತು. ಎರಡೂ ಕಡೆ ಒಟ್ಟಿಗೆ ನಿಲ್ಲಲು ಜನ ಸಾಲದು. ಸಂಜೆ ಗಂಟಲು ಕಟ್ಟಿ ಏರಿಯ ಮೇಲೆ ಕೂತಿದ್ದೆ, ಇದೂ ಆಗುವುದಿಲ್ಲ ಅನ್ನಿಸಿತು.

ಮರುದಿನ ಮೊದಲ ಬಸ್ಸಿಗೆ ಮಾಸ್ತರು ಬಂದರು. ಬಗಲಲ್ಲಿ ಗಂಗಾಳ, ತಾವು ದಿನಾ ಊಟ ಮಾಡುವ ಅಗಲವಾದ ಹಿತ್ತಾಳೆ ತಟ್ಟೆ. ಕೈಯಲ್ಲಿ ಒಂದು ಸಟ್ಟುಗ.

"ಆಚಿ ದಂಡಿಗಿ ನಾ ನಿಂದರ್ತೀನಿ," ಅಂದರು. "ನೀರಿಗಿ ಬಿಟ್ಟು ಕೊಂದೀನಿ. ಇನ್ನ ನೀರಿನಿಂದ ಎಬ್ಬಿಸಿ ನೋಡ್ತೀನಿ."

ಮಾತಿಲ್ಲದ ಆ ದಂಡೆಯ ಮೇಲೆ ಮಾಸ್ತರು ಗಂಗಾಳ ಬಾರಿಸತೊಡಗಿದರು. ಹಿತ್ತಾಳೆಯ ಸದ್ದು ನೀರಿನ ಮೇಲೆ ಎಷ್ಟು ದೂರ ಹೋಗುತ್ತದೆಂದು ನನಗೆ ಗೊತ್ತಿರಲಿಲ್ಲ. ಈಚೆಯಿಂದ ಹೆಂಗಸರು ಜೋಳದ ಹೊಲದ ಉದ್ದನೆಯ ಕೂಗು ಹಾಕಿದರು, ನಡುವೆ ಗುತ್ತಿಗೆದಾರ ಟ್ಯೂಬಿನ ಮೇಲೆ ಡಬ್ಬಿ ಬಡಿದ. ಹಿಂಡು ಎದ್ದಿತು, ಸುತ್ತಿತು, ಇಳಿಯಲು ಬಂತು, ಮತ್ತೆ ಎದ್ದಿತು. ಸಂಜೆಯೂ ಅದೇ. ಮರುದಿನವೂ ಅದೇ. ಅವುಗಳಿಗೆ ಹಸಿವಾಗಿರುವುದು ಕಾಣುತ್ತಿತ್ತು. ಇಳಿಯಲು ಕಾಲು ಚಾಚಿದ ಹಕ್ಕಿಯನ್ನು ಕೂಗಿ ಹೆದರಿಸುವುದು ಎಷ್ಟು ಹೊಲಸು ಕೆಲಸ ಎಂದು ಮಾಡಿದವರಿಗೇ ಗೊತ್ತು. ಮಾಸ್ತರು ಅಂಗಿಯ ತೋಳಿಗೆ ಕಣ್ಣೊರೆಸಿಕೊಂಡು ಬಾರಿಸುತ್ತಿದ್ದರು, ಅತ್ತದ್ದನ್ನು ಮುಚ್ಚಿಡಲೂ ಇಲ್ಲ.

ಒಂದು ಸಂಜೆ ಹಿಂಡು ಎದ್ದು ಸುತ್ತುಹಾಕಲಿಲ್ಲ. ನೆಟ್ಟಗೆ ಹೋಯಿತು, ಗುಡ್ಡದ ಮೇಲೆ ಸಣ್ಣದಾಗಿ, ಆಮೇಲೆ ಇಲ್ಲ. ಮಾಸ್ತರು ಬಾರಿಸುವುದನ್ನು ನಿಲ್ಲಿಸಲಿಲ್ಲ. ನಾನು ಸುತ್ತು ಹಾಕಿ ಆಚೆ ದಂಡೆಗೆ ಹೋಗಿ ಅವರ ಕೈ ಹಿಡಿಯಬೇಕಾಯಿತು. ಗಂಗಾಳದ ಅಂಚೆಲ್ಲ ತಗ್ಗುಬಿದ್ದಿತ್ತು.

ಅವು ನೀರು ಕಂಡವೋ, ಹಾದಿಯಲ್ಲಿ ಬಿದ್ದವೋ, ಉತ್ತರ ಮುಟ್ಟಿದವೋ ನನಗೆ ಗೊತ್ತಿಲ್ಲ. ಗೊತ್ತಾಗುವ ಬಗೆಯೂ ಇಲ್ಲ. ನಾವು ದಂಡೆ ಸ್ವಚ್ಛ ಮಾಡಿ ಮುಗಿಸಿದೆವು. ಬೇಸಿಗೆಯಲ್ಲಿ ಕೆರೆ ತಳ ಕಂಡಿತು, ಮಳೆಗಾಲದಲ್ಲಿ ತುಂಬಿತು. ಗುತ್ತಿಗೆದಾರ ಹೊಸ ಮೀನುಮರಿ ಬಿಟ್ಟ. ಸತ್ತ ಒಂದು ಮೀನನ್ನೂ ಈಗ ದಂಡೆಗೆ ಒಗೆಯುವುದಿಲ್ಲ, ಹೂಳುತ್ತಾನೆ.

ದೀಪಾವಳಿ ಆಯಿತು. ಕೆರೆ ಅಷ್ಟು ಚೆನ್ನಾಗಿದ್ದದ್ದನ್ನು ನಾನು ನೋಡಿಯೇ ಇರಲಿಲ್ಲ. ಗದ್ದೆಗೊರವಗಳು ಬಂದವು, ಮೆಟ್ಟುಗಾಲುಗಳು ಬಂದವು. ಬೀಗರು ಬರಲಿಲ್ಲ. ಮಾಸ್ತರು ಭಾನುವಾರ ಬರುತ್ತಿದ್ದವರು ಆಮೇಲೆ ದಿನವೂ ಬರತೊಡಗಿದರು. ಗೋಣಿಚೀಲ ಹೊದ್ದು ಅಲುಗಾಡದೆ ಕೂರುತ್ತಿದ್ದರು. ಕೆಮ್ಮು ಹೆಚ್ಚಾಗಿತ್ತು, ಬಾಯಿಗೆ ಬಟ್ಟೆ ಒತ್ತಿಕೊಂಡು ನುಂಗುತ್ತಿದ್ದರು.

ಚಳಿ ಹೆಚ್ಚಾದ ಒಂದು ಬೆಳಿಗ್ಗೆ ಶಿಳ್ಳೆ ಕೇಳಿಸಿತು. ಮಾಸ್ತರು ನನ್ನ ಮುಂಗೈ ಹಿಡಿದುಕೊಂಡರು. ಸೂಜಿಬಾಲದ ಹಿಂಡೇ. ಉದ್ದ ಕೊರಳು, ಚೂಪು ಬಾಲ, ಅನುಮಾನವೇ ಇಲ್ಲ. ಕೆರೆಯ ಮೇಲೆ ತಗ್ಗಾಗಿ ಬಂದವು. ಕೂಗಲು ಯಾರೂ ಇರಲಿಲ್ಲ, ಗುತ್ತಿಗೆದಾರ ಕೂಡ ಟ್ಯೂಬು ದಂಡೆಗೆ ಎಳೆದು ಕೂತಿದ್ದ. ಹಿಂಡು ಆಚೆ ದಂಡೆಯ ತನಕ ಹೋಗಿ, ಎತ್ತರಕ್ಕೆ ಏರಿ, ತಿರುಗಿ, ದಕ್ಷಿಣಕ್ಕೆ ಹೋಗಿಬಿಟ್ಟಿತು. ಒಂದು ಕೂಡ ಕಾಲು ಚಾಚಲಿಲ್ಲ.

ಆ ವರ್ಷ ಮಳೆ ಚೆನ್ನಾಗಿತ್ತು, ಎಲ್ಲ ಕಡೆ ನೀರಿತ್ತು, ಎಲ್ಲಿ ಬೇಕಾದರೂ ಇಳಿಯಬಹುದು. ಅದು ಹಳೆಯ ಹಿಂಡೇ ಎಂದು ಹೇಳಲಿಕ್ಕೂ ಆಗದು. ಇದನ್ನೆಲ್ಲ ನಾನು ಮಾಸ್ತರಿಗೆ ಹೇಳಿದೆ. ಡಾಕ್ಟರಾಗಿ ಹೇಳಬೇಕಾದ್ದು ಅದೇ. ಅವರು ಕೇಳಿಸಿಕೊಂಡರು.

"ಚಲೋ ಕಲತಾವ, ತಂಗಿ," ಅಂದರು. "ನಾವು ಕಲಿಸಿದ್ದು ಮರತಿಲ್ಲ. ನನ್ನ ಸಾಲಿ ಹುಡುಗರು ಒಬ್ಬರೂ ಹಿಂಗ ಕಲೀಲಿಲ್ಲ ನೋಡು."

ಗೋಣಿಚೀಲ ಕೊಡವಿ, ಮಡಚಿ, ಬಗಲಲ್ಲಿ ಇಟ್ಟುಕೊಂಡರು. ಎದ್ದು ನಿಂತು ಎದೆ ಹಗುರಾಗುವಷ್ಟು ಕೆಮ್ಮಿದರು. ಆಮೇಲೆ ದಂಡೆಯುದ್ದಕ್ಕೂ ಬಸ್ಸಿನ ಹೊತ್ತು, ತಮ್ಮ ಮೊಣಕಾಲು ನೋವು, ಪೇಟೆಯ ತರಕಾರಿ, ಏನೇನೋ ಮಾತಾಡುತ್ತ, ಏರಿಯ ಆಚೆಗೂ ಕೇಳುವಷ್ಟು ಜೋರಾಗಿ ಮಾತಾಡುತ್ತ ನಡೆದರು.